ನಾನೇ ಅಚ್ಚು ಹಾಕಿಸಿದ ಕಥಾಸಂಕಲನವನ್ನು ತುಮಕೂರಿನಲ್ಲಿ ಯಾವಾಗ ಬಿಡುಗಡೆ ಮಾಡಲಿ? ಪತ್ರಿಕೆಗಳಿಗೆ ಏನು ಕಳಿಸಲಿ?

ನವೆಂಬರ್ ಬೇಡ. ರಾಜ್ಯೋತ್ಸವದ ತಿಂಗಳಲ್ಲಿ ಎಲ್ಲೆಲ್ಲೂ ಕನ್ನಡ ಕಾರ್ಯಕ್ರಮಗಳೇ, ನಿಮ್ಮ ಸುದ್ದಿಗೆ ಜಾಗ ಸಿಗುವುದು ಕಷ್ಟ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆ, ವರದಿಗಾರರೆಲ್ಲ ಅತ್ತ ಕಡೆ. ಜುಲೈನ ಒಂದು ಭಾನುವಾರ ನೋಡಿ. ಪುಸ್ತಕ ಪ್ರೆಸ್‌ನಿಂದ ಕೈಗೆ ಬಂದ ಮೇಲೇ ದಿನ ಗೊತ್ತು ಮಾಡಿ.

ಪತ್ರಿಕಾ ಪ್ರಕಟಣೆ ಒಂದೇ ಪುಟ ಸಾಕು. ದಿನ, ಸಮಯ, ಜಾಗ ಮೊದಲ ಸಾಲಿನಲ್ಲೇ ಇರಲಿ. ಸುಮ್ನೆ ‘ಹೊಸ ಕಥಾಸಂಕಲನ’ ಅಂದರೆ ಸುದ್ದಿಯಲ್ಲ. ಪಾವಗಡದ ಬರದ ಕಥೆಗಳು, ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಕಥೆಗಳು ಅಂದರೆ ಜಿಲ್ಲಾ ಪುಟದವರು ಕಣ್ಣು ಹಾಯಿಸುತ್ತಾರೆ. (ಪುಸ್ತಕದಲ್ಲಿ ನಿಜವಾಗಿ ಇದ್ದರೆ ಮಾತ್ರ!) ಎರಡು ಮೂರು ದಿನ ಮೊದಲೇ ಯೂನಿಕೋಡ್‌ನಲ್ಲಿ (ಫೋನ್, ಕಂಪ್ಯೂಟರ್ ಎರಡರಲ್ಲೂ ಓದಲು ಬರುವ ಕನ್ನಡ ಅಕ್ಷರ) ಟೈಪ್ ಮಾಡಿ ಕಳಿಸಿ. ಕಾಗದದ ಫೋಟೋ ವಾಟ್ಸ್ಆ್ಯಪ್ ಮಾಡಿದರೆ ಮತ್ತೆ ಟೈಪ್ ಮಾಡುವವರು ಯಾರು? ಕಾರ್ಯಕ್ರಮದ ಸಂಜೆಯೇ ಫೋಟೋ, ನಾಲ್ಕು ಸಾಲಿನ ವರದಿ ತಲುಪಿಸಿ. ಮಾರನೇ ದಿನಕ್ಕೆ ಅದು ಹಳೇ ಸುದ್ದಿ.