ಪ್ರತಿಕ್ರಿಯೆ: ಮತ್ಸ್ಯಕನ್ಯೆಯ ಸೊಂಟದಲ್ಲಿ ಬಿರುಕು
ಜೇಡಿಮಣ್ಣಿನ ಮತ್ಸ್ಯಕನ್ಯೆ ಒಣಗುವಾಗ ಸೊಂಟದಲ್ಲೇ ಸೀಳುತ್ತದೆ, ಒಳಗೆ ತಂತಿಯಿದೆ ಅಂದಿರಿ. ಆ ತಂತಿಯೇ ಕಾರಣ: ಮಣ್ಣು ಒಣಗುತ್ತಾ ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ. ಸುಡುವ ಮೂರ್ತಿಗೆ ತಂತಿ ಬೇಡವೇ ಬೇಡ. ಮುಂಡ, ಬಾಲ ಎರಡನ್ನೂ ಟೊಳ್ಳಾಗಿ, ಸುಮಾರು 1 ಸೆಂ.ಮೀ. ದಪ್ಪಕ್ಕೆ ಮಾಡಿ. ಎರಡೂ ಒಂದೇ ಹದಕ್ಕೆ ಗಟ್ಟಿಯಾದಾಗ ಅಂಚು ಗೀರಿ, ತೆಳು ಕೆಸರು ಹಚ್ಚಿ ಒತ್ತಿ ಕೂಡಿಸಿ. ತಳದಲ್ಲಿ ಗಾಳಿ ಹೋಗಲು ತೂತು ಇರಲಿ. ಎತ್ತಿದ ಬಾಲಕ್ಕೆ ಸ್ಪಂಜಿನ ಆಸರೆ ಕೊಡಿ. ಬಾಲದ ತೆಳು ಈಜುರೆಕ್ಕೆಗೆ ಪ್ಲಾಸ್ಟಿಕ್ ಸುತ್ತಿ, ಇಲ್ಲದಿದ್ದರೆ ಅದೇ ಮೊದಲು ಒಣಗಿ ಸೊಟ್ಟಗಾಗುತ್ತದೆ. ಮೀನಿನ ಹುರುಪೆಗಳನ್ನು ಹೆಂಚು ಹೊದಿಸುವಂತೆ ಬಾಲದ ತುದಿಯಿಂದ ಮೇಲಕ್ಕೆ ಅಂಟಿಸಿ.

ಭಂಗಿ ಬದಲಿಸುವುದಾದರೆ ಯುರೋಪಿನ ಐತಿಹ್ಯದ ಜಲಕನ್ಯೆ ಮೆಲುಸೀನಳ ಜೋಡಿ ಬಾಲ ಒಳ್ಳೆಯದು, ತಳ ಅಗಲವಾಗಿ ನಿಲ್ಲುತ್ತದೆ. ಕೋಪನ್‌ಹೇಗನ್ನಿನ 1913ರ ಮತ್ಸ್ಯಕನ್ಯೆಯ ಕಂಚಿನ ಮೂರ್ತಿಯಲ್ಲಿ ಶಿಲ್ಪಿ ಎಡ್ವರ್ಡ್ ಎರಿಕ್ಸೆನ್ ಕಾಲುಗಳನ್ನೇ ಉಳಿಸಿಕೊಂಡು ಕೆಳಗಷ್ಟೇ ಈಜುರೆಕ್ಕೆ ಕೊಟ್ಟಿದ್ದಾರೆ; ಅಲ್ಲಿ ಸೊಂಟದ ಬೆಸುಗೆಯ ತಲೆನೋವೇ ಇಲ್ಲ.