ಅಪ್ಪನ ಉಳಿ, ತಮ್ಮನ ಯಂತ್ರ: ಯಾವ ಜೋಡಣೆ ಎಲ್ಲಿಗೆ?

ಪ್ರಶ್ನೆ: ಸಾಗರದ ಹತ್ತಿರ ನಮ್ಮದು ಮೂರು ತಲೆಮಾರಿನ ಬಡಗಿತನ. ಅಪ್ಪ ಇಂದಿಗೂ ಉಳಿ, ಕೊಡತಿ ಹಿಡಿದೇ ಒಂದು ಮರದಲ್ಲಿ ಕಂಡಿ ಕೊರೆದು, ಇನ್ನೊಂದರ ತುದಿಯ ನಾಲಿಗೆಯನ್ನು ಅದರಲ್ಲಿ ಕೂರಿಸುತ್ತಾರೆ. ಬೆಂಗಳೂರಿನ ಕೆಲಸ ಬಿಟ್ಟು ಬಂದ ತಮ್ಮ ಡಾಮಿನೋ ಯಂತ್ರ ಕೊಳ್ಳೋಣ ಎನ್ನುತ್ತಿದ್ದಾನೆ. ಅಂಟನ್ನು ನಂಬಿ ಬಾಗಿಲು ಮಾಡಲಾಗದು ಎಂಬುದು ಅಪ್ಪನ ಹಟ. ಈಗ ಒಂದು ಮನೆಗೆ ತೇಗದ ಮುಂಬಾಗಿಲು, ಊಟದ ಮೇಜು ಮತ್ತು ಆರು ಕುರ್ಚಿ ಮಾಡಿಕೊಡಬೇಕಿದೆ. ಯಾರ ಮಾತು ಕೇಳಲಿ?

ಉತ್ತರ: ಬಾಗಿಲಿಗೆ ಅಪ್ಪನ ಮಾತು, ಮೇಜಿಗೆ ತಮ್ಮನ ಮಾತು. ಕುರ್ಚಿಗೆ ಇಬ್ಬರೂ ಒಟ್ಟಿಗೆ ಕೂರಬೇಕು.

ಡಾಮಿನೋ ಯಂತ್ರ ಎರಡೂ ಮರಗಳಲ್ಲಿ ಒಂದೇ ಅಳತೆಯ ಕಂಡಿ ಕೊರೆಯುತ್ತದೆ. ನಡುವೆ ಬಿಡಿ ನಾಲಿಗೆ ಕೂರುತ್ತದೆ. ತತ್ತ್ವ ಅಪ್ಪನದೇ, ವ್ಯತ್ಯಾಸವಿರುವುದು ಆಳದಲ್ಲಿ. ಈ ಯಂತ್ರದ ಚಿಕ್ಕ ಮಾದರಿ 28 ಮಿಲಿಮೀಟರ್‌ಗಿಂತ ಹೆಚ್ಚು ಆಳ ಕೊರೆಯದು, ದೊಡ್ಡದು 70ರವರೆಗೆ ಹೋಗುತ್ತದೆ. ಮಲೆನಾಡಿನ ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗುವ ಭಾರದ ಬಾಗಿಲಿಗೆ ಚಿಕ್ಕ ಯಂತ್ರ ಸಾಲದು. ಅಲ್ಲಿ ನಾಲಿಗೆ ಆಚೆ ಬದಿಗೆ ಹಾಯಬೇಕು, ಬೆಣೆ ಬಿಗಿಯಬೇಕು, ಬಿದಿರಿನ ಮೊಳೆ ಬೀಳಬೇಕು. ಅಂಟು ಸತ್ತರೂ ಅಂಥ ಬಾಗಿಲು ಕಳಚುವುದಿಲ್ಲ.

ಮೇಜಿನ ಕಾಲಿಗೂ ಅಡ್ಡಪಟ್ಟಿಗೂ 10 ಮಿಲಿಮೀಟರ್ ದಪ್ಪ, 50 ಉದ್ದದ ಎರಡೆರಡು ನಾಲಿಗೆ ಸಾಕು. ಆದರೆ ಮೇಜಿನ ಹಲಗೆಯನ್ನು ಅಡ್ಡಪಟ್ಟಿಗೆ ಅಂಟಿಸಿಬಿಡಬೇಡಿ. ಮೂರಡಿ ಅಗಲದ ತೇಗದ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಐದಾರು ಮಿಲಿಮೀಟರ್ ಹಿಗ್ಗಿ ಕುಗ್ಗಬಲ್ಲದು. ಪಟ್ಟಿಯ ಒಳಬದಿಗೆ ಉದ್ದನೆಯ ತೋಡು ಕೊರೆದು, ಅದರಲ್ಲಿ ಸರಿಯುವ ಮರದ ತುಂಡುಗಳಿಂದ ಹಲಗೆಯನ್ನು ಹಿಡಿಸಿ. ಮನೆಗೆ ಬಂದ ಮೇಜು ಸೀಳಿದರೆ ಯಂತ್ರವನ್ನು ಬೈಯುವುದು ರೂಢಿ. ಸಾಮಾನ್ಯವಾಗಿ ತಪ್ಪು ಹಲಗೆಯನ್ನು ಅಂಟಿಸಿದ್ದರಲ್ಲಿರುತ್ತದೆ.

ಕುರ್ಚಿಯಲ್ಲಿ ಹಿಂಗಾಲಿಗೆ ಪಕ್ಕದ ಪಟ್ಟಿ ಸೇರುವ ಜಾಗವೇ ಮೊದಲು ಸಡಿಲವಾಗುವುದು, ಏಕೆಂದರೆ ಕೂತವರು ಹಿಂದಕ್ಕೆ ವಾಲುತ್ತಾರೆ. ಅಲ್ಲಿ ಅಪ್ಪನ ಕೈಯ ನಾಲಿಗೆ ಕಾಲೊಳಗೆ ಮರ ಬಿಟ್ಟಷ್ಟು ಆಳ ಹೋಗಲಿ. ಉಳಿದ ಜೋಡಣೆಗಳು ಯಂತ್ರಕ್ಕಿರಲಿ.

ಕೊಳ್ಳುವ ಮಾತು. ಡಾಮಿನೋ ದುಬಾರಿ. ಆರಂಭಕ್ಕೆ ಮರದಲ್ಲಿ ಕಂಡಿ ಕೊರೆಯಬಲ್ಲ ಒಳ್ಳೆಯ ರೂಟರ್ ಯಂತ್ರ ಮತ್ತು ಅದನ್ನು ನೇರ ನಡೆಸಲು ನೀವೇ ಮಾಡಿದ ಅಚ್ಚು ಸಾಕು. ಉಳಿದ ತೇಗದ ತುಂಡುಗಳನ್ನೇ ರಂದಾ ಹೊಡೆದು, ಅಂಚು ಉರುಟಾಗಿಸಿ ನಾಲಿಗೆ ಮಾಡಿಕೊಳ್ಳಿ. ಮರದ ಎಳೆ ನಾಲಿಗೆಯ ಉದ್ದಕ್ಕೇ ಓಡಬೇಕು. ಅಡ್ಡ ಓಡಿದರೆ ಮುರಿಯುತ್ತದೆ. ಹದ ಹೀಗೆ: ಒಣಗಿಸಿದ ನಾಲಿಗೆ ಬೆರಳಿನಿಂದ ಒತ್ತಿದರೆ ಇಳಿಯಬೇಕು, ತುಂಡನ್ನು ತಲೆಕೆಳಗು ಮಾಡಿದರೆ ಬೀಳಬಾರದು. ಕೊಡತಿ ಬೇಕಾಯಿತೆಂದರೆ ಅಂಟಿಗೆ ಜಾಗವಿಲ್ಲ, ಬಿಗಿಯುವಾಗ ಮರವೇ ಸೀಳಬಹುದು. ಕಂಡಿಯ ತಳದಲ್ಲಿ ಒಂದೆರಡು ಮಿಲಿಮೀಟರ್ ಖಾಲಿ ಬಿಡಿ, ಹೆಚ್ಚಾದ ಅಂಟು ಅಲ್ಲಿ ನಿಲ್ಲುತ್ತದೆ.

ಅಪ್ಪನಿಗೆ ಇಲ್ಲಿ ಬಿಡಲಾಗದ ಕೆಲಸವೊಂದಿದೆ: ಪ್ರತಿ ತುಂಡಿನ ಮುಖ ಗುರುತಿಸಿ ಪೆನ್ಸಿಲ್ ಗುರುತು ಹಾಕುವುದು. ಯಂತ್ರದ ತಡೆಯನ್ನು, ಎಂದರೆ ಮರಕ್ಕೆ ತಾಗಿ ನಿಲ್ಲುವ ಪಟ್ಟಿಯನ್ನು, ಸದಾ ಆ ಮುಖಕ್ಕೇ ಒತ್ತಬೇಕು. ಒಂದು ತುಂಡನ್ನು ಮುಖದ ಕಡೆಯಿಂದ, ಇನ್ನೊಂದನ್ನು ಬೆನ್ನಿನ ಕಡೆಯಿಂದ ಕೊರೆದರೆ ಎಂಥ ಬೆಲೆಯ ಯಂತ್ರವಾದರೂ ಎರಡು ತುಂಡು ಮೇಲುಕೆಳಗಾಗಿ ಮೆಟ್ಟಿಲು ಬಂದೇ ತೀರುತ್ತದೆ. ಎಲ್ಲ ಅಳತೆಗೂ ಒಂದೇ ಟೇಪ್ ಬಳಸಿ. ಅಪ್ಪನ ಟೇಪಿನ ತುದಿ ಬಾಗಿರಬಹುದು, ತಮ್ಮನದು ಹೊಸದಿರಬಹುದು. ತಿರುಗುವ ಯಂತ್ರದ ಮುಂದೆ ಕೈಗವಸು, ಸಡಿಲ ಅಂಗಿಯ ತೋಳು ಬೇಡ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ.

ಪ್ರಶ್ನೆ: ತೇಗದ ಜೋಡಣೆ ಅಂಟಿಸಿದರೂ ಆರು ತಿಂಗಳಿಗೆ ಬಿಟ್ಟುಕೊಳ್ಳುತ್ತಿದೆ. ಅಂಟು ಬದಲಿಸಬೇಕೇ?

ಉತ್ತರ: ಮೊದಲು ಅಂಟಿಸುವ ವಿಧಾನ ಬದಲಿಸಿ. ತೇಗದೊಳಗಿನ ಎಣ್ಣೆ ಮೇಲಕ್ಕೆ ಬಂದು ಅಂಟನ್ನು ದೂರವಿಡುತ್ತದೆ. ರಂದಾ ಹೊಡೆದ ದಿನವೇ ಅಂಟಿಸಿ. ತಡವಾದರೆ ಅಸಿಟೋನ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಆರಿದ ಕೂಡಲೇ ಅಂಟು ಬಳಿಯಿರಿ. ಅಸಿಟೋನ್ ಬಳಸುವಾಗ ಬೀಡಿ, ಬೆಂಕಿ ಹತ್ತಿರ ಬಾರದಿರಲಿ. ಕೊಯ್ದ ಮರ ಹಸಿಯಾಗಿದ್ದರೆ ಇದಾವುದೂ ಕೆಲಸಕ್ಕೆ ಬಾರದು. ತೇವ ಅಳೆಯುವ ಮೀಟರ್ ಶೇಕಡಾ 12ಕ್ಕಿಂತ ಹೆಚ್ಚು ತೋರಿಸಿದರೆ ಆ ಮರವನ್ನು ಇನ್ನಷ್ಟು ದಿನ ನೆರಳಿನಲ್ಲಿ ಒಣಗಲು ಬಿಡಿ.