ವಾಚ್ ಬೇಡ, ಉಂಗುರ ಬೇಡ: ನರ್ಸಿಂಗ್ ಯೂನಿಫಾರ್ಮ್‌ಗೆ ಇಷ್ಟೊಂದು ನಿಯಮ ಯಾಕೆ?

ಪ್ರಶ್ನೆ: ನಾನು ನರ್ಸಿಂಗ್ ಮೊದಲ ವರ್ಷದ ವಿದ್ಯಾರ್ಥಿನಿ. ಸದ್ಯದಲ್ಲೇ ವಾರ್ಡ್ ಪೋಸ್ಟಿಂಗ್ ಶುರುವಾಗುತ್ತದೆ. ಉಂಗುರ, ವಾಚ್, ನೇಲ್ ಪಾಲಿಶ್ ಯಾವುದೂ ಬೇಡ, ಕೂದಲು ಕಾಲರ್‌ಗೆ ತಾಗಬಾರದು, ಯೂನಿಫಾರ್ಮ್‌ನಲ್ಲಿ ಹೊರಗೆ ಓಡಾಡಬಾರದು ಅಂತ ಉದ್ದದ ಪಟ್ಟಿ ಕೊಟ್ಟಿದ್ದಾರೆ. ಇದಕ್ಕೆಲ್ಲ ಕಾರಣ ಇದೆಯಾ, ಇಲ್ಲ ಸುಮ್ನೆ ಶಿಸ್ತಾ?

ಉತ್ತರ: ಎರಡೂ ಇದೆ. ಆದರೆ ಮೊಣಕೈಯಿಂದ ಕೆಳಗಿನ ಭಾಗದ ನಿಯಮಗಳನ್ನು ಬರೀ ಶಿಸ್ತು ಅಂದುಕೊಳ್ಳಬೇಡಿ. ರೋಗಿಯನ್ನು ಮುಟ್ಟುವುದು ನಿಮ್ಮ ಕೈ ತಾನೆ?

ಉಂಗುರದ ಅಡಿಯ ಚರ್ಮದಲ್ಲಿ ರೋಗಾಣುಗಳು ಜಾಸ್ತಿ ಇರುತ್ತವೆ. ಕೈ ತೊಳೆದರೂ ಅಲ್ಲಿ ತೇವ ಉಳಿಯುತ್ತದೆ. ಕಲ್ಲಿನ ಉಂಗುರವಾದರೆ ಗ್ಲೌಸ್ ಹರಿಯಬಹುದು, ವಯಸ್ಸಾದವರ ತೆಳು ಚರ್ಮ ಗೀರಿಹೋಗಬಹುದು. ಉಗುರಿನ ತುದಿ ಅರ್ಧ ಸೆಂಟಿಮೀಟರ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಕೈ ಸ್ವಚ್ಛತೆಯ ಮಾರ್ಗಸೂಚಿಯಲ್ಲಿ ಹೇಳಿದೆ. ಅಂಟಿಸುವ ಉಗುರಂತೂ ಬೇಡವೇ ಬೇಡ. ನವಜಾತ ಶಿಶುಗಳ ಐಸಿಯುನಲ್ಲಿ ಸೋಂಕು ಹರಡಿದಾಗ ಸಿಬ್ಬಂದಿಯ ಕೃತಕ ಉಗುರಿನ ಮೇಲೆ ಸಂಶಯ ಬಿದ್ದದ್ದು ಉಂಟು.

ವಾಚ್ ಕಟ್ಟಿದರೆ ಮಣಿಕಟ್ಟು ಸರಿಯಾಗಿ ತೊಳೆಯಲಾಗುವುದಿಲ್ಲ. ಹಾಗಾದರೆ ನಾಡಿ ಎಣಿಸುವುದು ಹೇಗೆ? ಎದೆಯ ಮೇಲೆ ಪಿನ್ ಮಾಡಿಕೊಳ್ಳುವ ಫಾಬ್ ವಾಚ್ ತೆಗೆದುಕೊಳ್ಳಿ. ಅದು ತಲೆಕೆಳಗಾಗಿ ನೇತಾಡುವುದರಿಂದ ಬಗ್ಗಿ ನೋಡಿದರೆ ನಿಮಗೆ ನೇರವಾಗಿ ಕಾಣುತ್ತದೆ. ಸೆಕೆಂಡ್ ಮುಳ್ಳು ಇರಲೇಬೇಕು. ಒರೆಸಲು ಸುಲಭ ಅಂತ ಸಿಲಿಕೋನ್‌ನದೇ ಒಳ್ಳೆಯದು.

ಮೊಣಕೈ ಕೆಳಗೆ ಏನೂ ಇರಬಾರದು ಎಂಬ ನಿಯಮವನ್ನು ಇಂಗ್ಲೆಂಡ್‌ನ ಆರೋಗ್ಯ ಇಲಾಖೆ 2007ರಲ್ಲಿ ಘೋಷಿಸಿತು. ಅಂಗಿಯ ಉದ್ದ ತೋಳು ಮಡಚಿದ್ದಷ್ಟಕ್ಕೇ ಸೋಂಕು ಕಡಿಮೆಯಾಯಿತು ಎನ್ನಲು ಗಟ್ಟಿ ಪುರಾವೆ ಇಲ್ಲ, ನಿಜ. ಆದರೆ ತೋಳಿನ ಅಂಚು ಒಬ್ಬರ ಹಾಸಿಗೆಯಿಂದ ಇನ್ನೊಬ್ಬರ ಹಾಸಿಗೆಗೆ ಉಜ್ಜಿಕೊಂಡು ಹೋಗುವುದು ತಪ್ಪುತ್ತದಲ್ವಾ?

ಕೂದಲು ಕಟ್ಟುವುದಕ್ಕೂ ಕಾರಣವಿದೆ. ಗಾಯಕ್ಕೆ ಡ್ರೆಸಿಂಗ್ ಮಾಡುವಾಗ ಜಡೆ ಮುಂದೆ ಜಾರಿದರೆ ಸ್ಟೆರೈಲ್ (ರೋಗಾಣುಮುಕ್ತ) ಟ್ರೇ ಹಾಳು. ಜಡೆ ಹಿಂದಕ್ಕೆ ಸರಿಸಲು ಹೋದರೆ ಗ್ಲೌಸ್ ಹಾಳು.

ಬಿಳಿ ಬಣ್ಣ, ಪಟ್ಟಿಗಳಿರುವ ಟೋಪಿ ಇವೆಲ್ಲ ಹೆಚ್ಚಾಗಿ ಸಂಪ್ರದಾಯ. ಟೋಪಿಯಿಂದ ಸ್ವಚ್ಛತೆಗೆ ಲಾಭವಿಲ್ಲ ಅಂತ ಎಷ್ಟೋ ದೇಶಗಳು ಅದನ್ನು ಕೈಬಿಟ್ಟಿವೆ. ಯೂನಿಫಾರ್ಮ್‌ನಲ್ಲಿ ಹೊರಗೆ ಹೋದದ್ದರಿಂದಲೇ ಸೋಂಕು ಹರಡಿತು ಎಂಬುದಕ್ಕೂ ಪುರಾವೆ ತೀರಾ ಕಡಿಮೆ. ಆದರೂ ಬಸ್ಸಿನಲ್ಲಿ ವಾರ್ಡ್ ಬಟ್ಟೆಯವರು ಪಕ್ಕದಲ್ಲಿ ಕೂತರೆ ಜನರಿಗೆ ಇರುಸುಮುರುಸಾಗುತ್ತದೆ. ನನ್ನ ಮಟ್ಟಿಗೆ ಅಷ್ಟು ಕಾರಣ ಸಾಕು. ಟೋಪಿ ವಿಷಯದಲ್ಲಿ ನಿಮ್ಮ ಟ್ಯೂಟರ್ ಜೊತೆ ವಾದ ಮಾಡಬಹುದು, ಉಗುರಿನ ವಿಷಯದಲ್ಲಿ ಬೇಡ.

ಪ್ರಶ್ನೆ: ಯೂನಿಫಾರ್ಮ್ ಮನೆಯಲ್ಲೇ ಒಗೆಯಬಹುದಾ? ಶೂ ಎಂಥದ್ದು ಬೇಕು?

ಉತ್ತರ: ಒಗೆಯಬಹುದು. ಉಳಿದ ಬಟ್ಟೆಗಳ ಜೊತೆ ಸೇರಿಸದೆ, 60 ಡಿಗ್ರಿ ಬಿಸಿನೀರಿನಲ್ಲಿ ಕನಿಷ್ಠ 10 ನಿಮಿಷ ಒಗೆದರೆ ಹೆಚ್ಚಿನ ರೋಗಾಣುಗಳು ಹೋಗುತ್ತವೆ. ಪ್ರತಿ ಡ್ಯೂಟಿಗೂ ಒಗೆದದ್ದನ್ನೇ ಹಾಕಿ. ರಕ್ತ ಅಥವಾ ವಾಂತಿ ತಗುಲಿದರೆ ಡ್ಯೂಟಿ ಮುಗಿಯುವವರೆಗೂ ಕಾಯದೆ ಬದಲಿಸಿ, ಅದಕ್ಕೇ ಬ್ಯಾಗ್‌ನಲ್ಲಿ ಇನ್ನೊಂದು ಜೊತೆ ಇರಲಿ.

ಶೂ ಮುಂದೆ ಮುಚ್ಚಿರಬೇಕು, ಜಾರಬಾರದು, ಒರೆಸುವಂತಿರಬೇಕು. ಬಲೆಬಟ್ಟೆಯ ಸ್ಪೋರ್ಟ್ಸ್ ಶೂ ಹಗುರ ನಿಜ, ಆದರೆ ಕೈಜಾರಿದ ಸೂಜಿಯನ್ನು ಅದು ತಡೆಯುವುದಿಲ್ಲ. ಸಂಜೆ ಹೊತ್ತು ಹೋಗಿ ಹಾಕಿ ನೋಡಿ. ಇಡೀ ದಿನ ನಿಂತರೆ ಕಾಲು ಊದುತ್ತದೆ, ಆಗ ಸರಿಹೋಗುವ ಅಳತೆಯೇ ನಿಮ್ಮದು.